ಹರಿಹರದ ಪೆನಾಲ್ಟಿ

ಮೈಲಾರಲಿಂಗಪ್ಪನ ಟಿವಿ ರಿಪೇರಿ ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸುವಾಗಲೇ ಕೊಟ್ಟೂರೇಶ್ ಅವರಿಗೆ, ಇವತ್ತು ಬರಬಾರದಿತ್ತು ಅನ್ನಿಸಿತು. ರಿಪೇರಿಗೆ ಕೊಟ್ಟಿದ್ದ ಟಿವಿ ಸಿದ್ಧವಾಗಿದೆ ಎಂದು ಮಧ್ಯಾಹ್ನ ಶಾಲೆಗೆ ಫೋನು ಬಂದಿತ್ತು. ಸಂಜೆ ಏಳಕ್ಕೆ ಅಂಗಡಿಯಲ್ಲಿ ಮೈಲಾರಲಿಂಗಪ್ಪ ಒಬ್ಬನೇ ಇರುತ್ತಾನೆಂದು ಅವರು ಎಣಿಸಿದ್ದೇ ತಪ್ಪು. ಅದು 1998ರ ಜೂನ್ ತಿಂಗಳು. ಫ್ರಾನ್ಸಿನಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆಯುತ್ತಿತ್ತು. ದಾವಣಗೆರೆಯಲ್ಲಿ ಚೆಂಡು ಒದೆಯುವವರು, ಒಂದು ಕಾಲಕ್ಕೆ ಒದ್ದವರು, ಒದೆಯದೆ ಬರೀ ಬಾಯಿ ಮಾಡುವವರು ಎಲ್ಲರೂ ಆ ಅಂಗಡಿಯ ದೊಡ್ಡ ಕಲರ್ ಟಿವಿಯ ಮುಂದೆ ಠಿಕಾಣಿ ಹೂಡಿದ್ದರು. ಏಳೂವರೆಗೆ ಫ್ರಾನ್ಸ್ ಮತ್ತು ಡೆನ್ಮಾರ್ಕ್ ಆಟ.

"ಬಂದ್ರು ನೋಡ್ರಪ, ಹರಿಹರದ ಅಳಿಯಂದ್ರು," ಎಂದ ಗುತ್ತೆಪ್ಪ. ಅವನು ಮಾರ್ಕೆಟ್ ಯಾರ್ಡಿನಲ್ಲಿ ಹಮಾಲರ ಮೇಸ್ತ್ರಿ, ದಾವಣಗೆರೆ ತಂಡದ ಮ್ಯಾನೇಜರ್ ಕೂಡ. ಅವನ ಮಾತಿಗೆ ಯಾರೂ ನಗಲಿಲ್ಲ. ನಕ್ಕಿದ್ದರೆ ಕೊಟ್ಟೂರೇಶ್ ಅವರಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ಇಪ್ಪತ್ತು ಜನ ತಿರುಗಿ ನೋಡಿ, ನೋಡಬಾರದ್ದನ್ನು ನೋಡಿದ ಹಾಗೆ ಮತ್ತೆ ಟಿವಿ ಕಡೆ ಮುಖ ಮಾಡಿದರು.

ಕೊಟ್ಟೂರೇಶ್ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಇಪ್ಪತ್ತು ವರ್ಷದಿಂದ ಫುಟ್‌ಬಾಲ್ ರೆಫರಿ. ಬೆಂಗಳೂರಿಗೆ ಹೋಗಿ ಪರೀಕ್ಷೆ ಪಾಸು ಮಾಡಿ ಬ್ಯಾಡ್ಜು ತಂದವರು ಈ ಸುತ್ತಿನಲ್ಲಿ ಅವರೊಬ್ಬರೇ. ಹೆಂಡತಿ ಉಮಾಮಹೇಶ್ವರಿಯ ತವರು ಹರಿಹರ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅದನ್ನು ಯಾರೂ ಎತ್ತಿ ಆಡಿರಲಿಲ್ಲ. ಕಳೆದ ಡಿಸೆಂಬರಿನಿಂದ ಎತ್ತಿ ಆಡದ ದಿನವಿರಲಿಲ್ಲ.

ಮೈಲಾರಲಿಂಗಪ್ಪ ಒಳಗಿನಿಂದ ಟಿವಿ ತರುವಷ್ಟರಲ್ಲಿ ಮಾತು ಹಿಂದಿನ ರಾತ್ರಿಯ ಆಟಕ್ಕೆ ಹೊರಳಿತ್ತು. ಬ್ರೆಜಿಲ್ ಮೇಲೆ ನಾರ್ವೆ ಗೆದ್ದಿತ್ತು, ಅದೂ ಕೊನೆಯ ಗಳಿಗೆಯ ಒಂದು ಪೆನಾಲ್ಟಿಯಿಂದ. ಬ್ರೆಜಿಲಿನ ಆಟಗಾರ ಮುಟ್ಟಿದ್ದು ಯಾರಿಗೂ ಕಂಡಿರಲಿಲ್ಲ. ರೆಫರಿ ಮಾತ್ರ ಕಂಡೆ ಎಂದು ಸೀಟಿ ಊದಿದ್ದ.

"ಪಾಪ, ಮೊರಾಕೊ ಮೂರು ಗೋಲು ಹೊಡೆದೂ ಮನೀಗೆ ಹೋತು," ಎಂದ ಹೊಲಿಗೆ ಅಂಗಡಿಯ ಶಮೀಮ್. "ಆ ಪೆನಾಲ್ಟಿ ಕೊಡದಿದ್ರೆ ನಾರ್ವೆ ಹೊರಗೆ, ಮೊರಾಕೊ ಒಳಗೆ. ಒಬ್ಬ ಕುರುಡ ಒಂದು ದೇಶಾನೇ ಮನೀಗೆ ಕಳ್ಸಿದ."

"ಕುರುಡ ಅಲ್ಲಪ," ಎಂದ ಗುತ್ತೆಪ್ಪ, ಟಿವಿಯ ಕಡೆಗೇ ನೋಡುತ್ತ. "ಅವನ ಹೆಂಡ್ತಿ ತವರು ನಾರ್ವೆದಾಗೆ ಇರಬೇಕು, ವಿಚಾರಿಸ್ರಿ."

ಈಗ ಎಲ್ಲರೂ ನಕ್ಕರು. ಕೊಟ್ಟೂರೇಶ್ ಟಿವಿ ಎತ್ತಿಕೊಂಡು ಹೊರಟುಬಿಡಬಹುದಿತ್ತು. ಆದರೆ ಹಿಂದಿನ ರಾತ್ರಿ ಪಕ್ಕದ ಮನೆಯಲ್ಲಿ ಕೂತು ಅವರೂ ಆ ಆಟ ನೋಡಿದ್ದರು, ನೋಡಿದ್ದು ತಲೆಯಲ್ಲಿ ಕೊರೆಯುತ್ತಿತ್ತು.

"ಅದು ಪೆನಾಲ್ಟಿನೇ," ಎಂದರು.

ಇಪ್ಪತ್ತು ಮುಖಗಳೂ ಮತ್ತೆ ಅವರ ಕಡೆ ತಿರುಗಿದವು. ಅವರು ಮಾತು ಮುಂದುವರಿಸಿದರು.

"ಆ ನಾರ್ವೆಯವನು ಹಿಂದಕ್ಕೆ ಬಿದ್ದ. ನಾಟ್ಕ ಮಾಡೋನು ಮುಂದಕ್ಕೆ ಬೀಳ್ತಾನೆ, ಕೈ ಊರ್ಕಂತಾನೆ. ಹಿಂದಿಂದ ಯಾರೋ ಅಂಗಿ ಹಿಡಿದು ಜಗ್ಗಿದ್ರೆ ಮಾತ್ರ ಮನುಷ್ಯ ಹಂಗೆ ಬೀಳೋದು. ಕ್ಯಾಮೆರಾ ಇದ್ದ ಕಡೆಯಿಂದ ಕಾಣಲಿಲ್ಲ, ಅಷ್ಟೇ. ರೆಫರಿ ನಿಂತಿದ್ದ ಕಡೆಯಿಂದ ಕಂಡಿರ್ತೈತೆ."

"ರೆಫರಿ ಕಡೆಗೆ ರೆಫರಿನೇ ಮಾತಾಡ್ತಾನೆ ನೋಡು," ಎಂದ ಯಾರೋ.

ಗುತ್ತೆಪ್ಪ ಎದ್ದು ನಿಂತ. "ಕೊಟ್ಟೂರೇಶ್ ಸರ್, ನಿಮ್ಮ ಕಣ್ಣಿಗೆ ಅಂಗಿ ಬಿಟ್ರೆ ಬ್ಯಾರೆ ಏನೂ ಕಾಣಲ್ಲೇನ್ರಿ? ಆ ಇಂಗ್ಲೆಂಡಿನ ಹುಡುಗನ್ನ ನೋಡ್ರಿ. ಹದಿನೆಂಟು ವರ್ಷ. ಮೊನ್ನೆ ಬೆಂಚಿನಿಂದ ಎದ್ದು ಬಂದು ಗೋಲು ಹೊಡೆದ, ಇಡೀ ಲೋಕ ಅವನ ಹೆಸರು ಹೇಳ್ತೈತೆ. ನಮ್ಮ ಹುಡುಗಗೆ ಹತ್ತೊಂಬತ್ತು. ಸ್ಟೇಟ್ ಕ್ಯಾಂಪಿಗೆ ಹೋಗೋನು ಇವತ್ತು ಅಪ್ಪನ ಮಂಡಕ್ಕಿ ಭಟ್ಟಿ ಮುಂದೆ ಬೆವರು ಸುರಿಸ್ತಾನೆ. ಯಾರಿಂದ?"

ಅವನು ತೋರಿಸಿದ ಮೂಲೆಯಲ್ಲಿ ಇಜಾಜ್ ಗೋಡೆಗೆ ಒರಗಿ ನಿಂತಿದ್ದ. ಉದ್ದನೆಯ ಹುಡುಗ, ಕೈ ಮೇಲೆ ಭಟ್ಟಿಯ ಬೂದಿ ಹಾಗೇ ಇತ್ತು. ಕೊಟ್ಟೂರೇಶ್ ಅವನನ್ನು ಆಗಷ್ಟೇ ನೋಡಿದ್ದು.

"ಸರ್," ಎಂದ ಇಜಾಜ್, ದನಿ ಏರಿಸದೆ. "ನಾನು ಹಿಡಿದಿದ್ದೂ ನಿಮಗೆ ಹಿಂಗೇ ಕಂಡಿತ್ತೇನ್ರಿ?"

ಕೊಟ್ಟೂರೇಶ್ ಟಿವಿ ಎತ್ತಿಕೊಂಡು ಹೊರಗೆ ಬಂದು, ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟು ನೋಡಿದರೆ ಎರಡೂ ಟೈರಿನ ಗಾಳಿ ಹೋಗಿತ್ತು. ಹಿಂದಿನಿಂದ ಒಂದು ಸೀಟಿ ಕೇಳಿಸಿತು, ಬಾಯಿಂದ ಊದಿದ್ದು. ಅವರು ತಿರುಗಿ ನೋಡಲಿಲ್ಲ. ಸ್ಕೂಟರ್ ತಳ್ಳುತ್ತ ಸರಸ್ವತಿ ನಗರದ ದಾರಿ ಹಿಡಿದರು.

ದಾರಿಯುದ್ದಕ್ಕೂ ಡಿಸೆಂಬರಿನ ಆ ಸಂಜೆ ಅವರ ಜೊತೆಗೇ ನಡೆಯಿತು. ದಾವಣಗೆರೆ ಹೊಸ ಜಿಲ್ಲೆಯಾಗಿ ಆಗ ನಾಲ್ಕು ತಿಂಗಳು. ಹೊಸ ಜಿಲ್ಲೆಯ ಮೊದಲ ಟೂರ್ನಮೆಂಟ್, ಹರಿಹರದ ಮೈದಾನದಲ್ಲಿ ಫೈನಲ್, ಎದುರಾಬದುರು ಹರಿಹರ ಮತ್ತು ದಾವಣಗೆರೆ. ಬೆಂಗಳೂರಿನಿಂದ ಬಂದಿದ್ದ ಆಯ್ಕೆಗಾರ ಅರ್ಧ ಆಟ ಮುಗಿಯುವ ಹೊತ್ತಿಗೇ ಇಜಾಜ್‌ನ ಹೆಸರು ಬರೆದುಕೊಂಡಿದ್ದ. ಆ ಹುಡುಗನನ್ನು ದಾಟಿ ಹರಿಹರದವರು ಒಂದು ಚೆಂಡನ್ನೂ ಒಳಗೆ ಒಯ್ಯಲು ಆಗಿರಲಿಲ್ಲ. ಆಟ ಮುಗಿಯಲು ನಾಲ್ಕು ನಿಮಿಷವಿದ್ದಾಗ ಹರಿಹರಕ್ಕೆ ಕಾರ್ನರ್ ಸಿಕ್ಕಿತು. ಮುಳುಗುವ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಿದ್ದ. ಏಳೆಂಟು ಬೆನ್ನುಗಳು ಒಂದರ ಮೇಲೊಂದು ಎದ್ದವು, ಹರಿಹರದ ಒಂಬತ್ತನೇ ನಂಬರಿನವನು ನೆಲಕ್ಕೆ ಬಿದ್ದ, ಇಜಾಜ್ ಅವನ ಹಿಂದೆಯೇ ಇದ್ದ, ಮೂರು ಸಾವಿರ ಜನ ಒಟ್ಟಿಗೆ ಕೂಗಿದರು. ಸೀಟಿ ಕೊಟ್ಟೂರೇಶ್ ಅವರ ಬಾಯಲ್ಲೇ ಇತ್ತು. ಊದಿಬಿಟ್ಟರು.

ಊದಿದ ಮರುಕ್ಷಣವೇ ಅವರಿಗೆ ತಿಳಿದಿತ್ತು, ತಾನು ಏನನ್ನೂ ನೋಡಿಲ್ಲವೆಂದು. ಬಿದ್ದದ್ದನ್ನು ನೋಡಿದ್ದರು, ಬೀಳಿಸಿದ್ದನ್ನಲ್ಲ. ಹೋಗಿ ಲೈನ್ಸ್‌ಮನ್‌ನನ್ನು ಕೇಳಬಹುದಿತ್ತು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಊದಿದ್ದನ್ನು ಹಿಂದೆ ತೆಗೆದುಕೊಂಡವರಲ್ಲ ಅವರು, ಅದೇ ಅವರ ಹೆಮ್ಮೆ. ಇಜಾಜ್ ಓಡಿಬಂದು, ಮುಟ್ಟಿಲ್ಲ ಸರ್, ಅಲ್ಲಾನ ಆಣೆ ಮುಟ್ಟಿಲ್ಲ ಎಂದ. ಅವರು ಕೈ ತೋರಿಸಿ ಅತ್ತ ಹೋಗೆಂದರು. ಅವನು ಎರಡೂ ಕೈಯಿಂದ ಅವರ ಎದೆಗೆ ತಳ್ಳಿದ. ಕೆಂಪು ಚೀಟಿ. ಹರಿಹರ ಗೋಲು ಹೊಡೆದು ಕಪ್ ಎತ್ತಿತು. ಕಲ್ಲು ಬಿದ್ದವು, ಅವರನ್ನು ಜೀಪಿನಲ್ಲಿ ಕೂರಿಸಿ ಹೊರಗೆ ತಂದರು. ಮನೆಗೆ ಬಂದು ಬರೆದ ರಿಪೋರ್ಟಿನಲ್ಲಿ, "ಐದನೇ ನಂಬರಿನ ಆಟಗಾರನು ಎದುರಾಳಿಯ ಅಂಗಿ ಹಿಡಿದು ಎಳೆದದ್ದನ್ನು ನಾನು ಸ್ಪಷ್ಟವಾಗಿ ಕಂಡೆನು" ಎಂದು ಬರೆದರು. ಜಿಲ್ಲಾ ಫುಟ್‌ಬಾಲ್ ಸಂಸ್ಥೆ ಇಜಾಜ್‌ಗೆ ಒಂದು ವರ್ಷ ಆಡಬಾರದೆಂದು ಶಿಕ್ಷೆ ಹಾಕಿತು. ಬೆಂಗಳೂರಿನವನು ಹೆಸರು ಹೊಡೆದುಹಾಕಿದ.

ಈ ವಿಷಯವನ್ನು ಅವರು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

ಎರಡು ದಿನ ಕಳೆದು ಶನಿವಾರದ ಪತ್ರಿಕೆಯಲ್ಲಿ ಒಂದು ಚಿತ್ರ ಬಂತು. ಸ್ವೀಡನ್ನಿನ ಟಿವಿಯವರ ಕ್ಯಾಮೆರಾ ಗೋಲಿನ ಹಿಂದಿನಿಂದ ಹಿಡಿದದ್ದು. ಬ್ರೆಜಿಲಿನ ಆಟಗಾರ ನಾರ್ವೆಯವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗುತ್ತಿದ್ದ, ಬಟ್ಟೆ ಬೆನ್ನಿನಿಂದ ಗೇಣುದ್ದ ಎದ್ದು ನಿಂತಿತ್ತು. ಲೋಕವೆಲ್ಲ ಬೈದಿದ್ದ ರೆಫರಿಯೇ ಸರಿ.

ಬೆಳಿಗ್ಗೆ ಶಾಲೆಯಲ್ಲಿ ಗಣಿತದ ಮೇಷ್ಟ್ರು ಪತ್ರಿಕೆ ಹಿಡಿದುಕೊಂಡು ಬಂದು ಕೈ ಕುಲುಕಿದರು. ಹೆಡ್‌ಮಾಸ್ಟರು, "ನಮ್ಮ ಕೊಟ್ಟೂರೇಶ್ ಬುಧವಾರನೇ ಹೇಳಿದ್ರಂತೆ," ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಗುತ್ತೆಪ್ಪನೇ ನಿಂತಿದ್ದ.

"ಸರ್, ನನ್ನ ಬಾಯಿಂದ ಏನೇನೋ ಬಂತು," ಎಂದ, ನೆಲ ನೋಡುತ್ತ. "ನಿಮ್ಮ ಕಣ್ಣು ಕಣ್ಣು. ಸಂಜೀಗೆ ನಾರ್ವೆ, ಇಟಲಿ ಮ್ಯಾಚ್ ಐತೆ. ಬರ್ರಿ. ನೀವು ಬರ್ಲೇಬೇಕು."

ಹೋಗಬಾರದು ಅಂದುಕೊಂಡರು, ಹೋದರು. ಆರು ತಿಂಗಳ ಮೇಲೆ ಒಂದು ಊರು ತನ್ನನ್ನು ಒಳಗೆ ಕರೆದದ್ದು ಅವರಿಗೆ ಹಿತವಾಗಿತ್ತು. ಮೈಲಾರಲಿಂಗಪ್ಪ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ಮಿರ್ಚಿ, ಮಂಡಕ್ಕಿ ಬಂತು. ಆಫ್‌ಸೈಡ್ ಎಂದರೆ ಏನು, ರೆಫರಿ ಎಲ್ಲಿ ನಿಂತರೆ ಏನು ಕಾಣುತ್ತದೆ ಎಂದು ಒಬ್ಬೊಬ್ಬರೂ ಕೇಳಿದರು, ಅವರು ಬಿಡಿಸಿ ಬಿಡಿಸಿ ಹೇಳಿದರು. ತಾನು ಬಹಳ ಮಾತಾಡುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಿತ್ತು, ನಿಲ್ಲಿಸಲು ಆಗಲಿಲ್ಲ.

ಆಟ ಶುರುವಾದ ಮೇಲೆ ಇಜಾಜ್ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಎಂದಿನ ಮೂಲೆಗೆ ಹೋಗುತ್ತಿದ್ದವನನ್ನು ಗುತ್ತೆಪ್ಪ ತಡೆದ.

"ನಿಲ್ಲಲೇ ಅಲ್ಲೇ."

"ಯಾಕಣ್ಣ?"

"ಪೇಪರ್ ನೋಡಿದ್ಯಾ?"

"ನೋಡ್ದೆ."

"ಅಂಗಿ ಹಿಡಿದ್ರೂ ಹಿಡಿದಿಲ್ಲ ಅನ್ನೋರು ಬ್ರೆಜಿಲ್‌ನಾಗೆ ಅಷ್ಟೇ ಇಲ್ಲ, ನಮ್ಮೂರಾಗೂ ಅದಾರೆ ಅಂತ ಈಗ ಗೊತ್ತಾತು. ಆರು ತಿಂಗ್ಳು ನಮ್ಮನ್ನೆಲ್ಲ ಕುರಿ ಮಾಡಿದ್ಯಲ್ಲಲೇ. ನಿನ್ನ ಮಾತು ನಂಬಿ ಈ ಮನುಷ್ಯಗೆ ಕಲ್ಲು ಹೊಡೆದ್ವಿ, ಟೈರ್ ಗಾಳಿ ಬಿಟ್ವಿ. ಇವರ ಮನಿ ಹೆಣ್ಮಗಳನ್ನೂ ಬಿಡಲಿಲ್ಲ."

"ನಾನು ಮುಟ್ಟಿಲ್ಲ," ಎಂದ ಇಜಾಜ್.

"ಅವನೂ ಹಂಗೇ ಅಂದಿದ್ದ, ಆ ಬ್ರೆಜಿಲಿನವನು," ಎಂದ ಶಮೀಮ್. "ನಮ್ಮ ಮೊಹಲ್ಲಾದ ಮರ್ಯಾದಿ ತೆಗೆದಿ. ಇನ್ನೊಂದ್ಸಲ ನಮ್ಮ ಹುಡುಗರನ್ನ ಯಾರು ಆರಿಸ್ತಾರೆ? ಸುಳ್ಳುಗಾರ್ರು ಅಂತಾರೆ."

"ಬ್ರೆಜಿಲಿನವನು ಹಿಡಿದ್ರೆ ನಾನು ಹೆಂಗೆ ಹಿಡಿದಂಗೆ ಆತು? ಅದು ಬ್ಯಾರೆ ಮ್ಯಾಚ್, ಇದು ಬ್ಯಾರೆ ಮ್ಯಾಚ್."

ಅಂಗಡಿಯಲ್ಲಿದ್ದವರಲ್ಲಿ ಬುದ್ಧಿಯ ಮಾತಾಡಿದವನು ಅವನೊಬ್ಬನೇ. ಯಾರಿಗೂ ಅದು ಬೇಕಿರಲಿಲ್ಲ. ಗುತ್ತೆಪ್ಪ ಜೇಬಿನಿಂದ ಮಡಚಿದ ಒಂದು ಕಾಗದ ತೆಗೆದ. ಇಜಾಜ್‌ನ ಶಿಕ್ಷೆ ರದ್ದು ಮಾಡಿರೆಂದು ತಂಡದ ಪರವಾಗಿ ಜಿಲ್ಲಾ ಸಂಸ್ಥೆಗೆ ಟೈಪ್ ಮಾಡಿಸಿದ್ದ ಅರ್ಜಿ ಅದು, ಸೋಮವಾರ ಕೊಡಬೇಕಾಗಿತ್ತು. ಎಲ್ಲರೆದುರಿಗೆ ಅದನ್ನು ಎರಡು ಮಾಡಿ, ನಾಲ್ಕು ಮಾಡಿ ಹುಡುಗನ ಕಾಲ ಬಳಿ ಎಸೆದ.

ಇಜಾಜ್ ಆ ಚೂರುಗಳನ್ನು ನೋಡಲಿಲ್ಲ. ಕುರ್ಚಿಯ ಮೇಲಿದ್ದ ಕೊಟ್ಟೂರೇಶ್ ಅವರನ್ನು ನೋಡಿದ.

"ಸರ್, ನೀವು ಹೇಳ್ರಿ. ಖರೇ ಹೇಳ್ರಿ. ನಾನು ಹಿಡಿದಿದ್ನಾ?"

ಆಗ ಹೇಳಬಹುದಿತ್ತು. ಬಾಯಿಯವರೆಗೆ ಬಂದದ್ದೂ ನಿಜ. ಆದರೆ ಎಲ್ಲರ ಮುಖವೂ ತಮ್ಮ ಕಡೆ, ಗೌರವದಿಂದ, ತಿರುಗಿದ್ದನ್ನು ಕೊಟ್ಟೂರೇಶ್ ಕಂಡರು.

"ಆಗಿಹೋದ ಮಾತು ಬಿಡು ಇಜಾಜ್," ಎಂದರು. "ಕೂತ್ಕ, ಮ್ಯಾಚ್ ನೋಡು."

"ಇನ್ನೂ ಏನು ಬೇಕಲೇ ನಿನಗೆ?" ಎಂದು ಗುತ್ತೆಪ್ಪ ಅವನ ಭುಜ ಹಿಡಿದು ಬಾಗಿಲ ಕಡೆ ನೂಕಿದ. ಇಜಾಜ್ ಜೋಲಿ ತಪ್ಪಿ ಕಟ್ಟೆಯ ಕೆಳಗೆ ಬಿದ್ದ. ಎದ್ದು, ಚಪ್ಪಲಿ ಹುಡುಕದೆ, ಬರಿಗಾಲಲ್ಲೇ ಹೋದ. ಇಟಲಿ ಒಂದು ಗೋಲಿನಿಂದ ಗೆದ್ದಿತು. ಯಾವಾಗ ಹೊಡೆದರೆಂದು ಕೊಟ್ಟೂರೇಶ್ ಅವರಿಗೆ ಗೊತ್ತಾಗಲಿಲ್ಲ.

ಮರುದಿನ ಭಾನುವಾರ ಬೆಳಿಗ್ಗೆ ಬಡೇಸಾಬ್ ಸರಸ್ವತಿ ನಗರದ ಮನೆಗೆ ಬಂದರು. ಇಜಾಜ್‌ನ ತಂದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಟೋಪಿ, ಕೈಯಲ್ಲಿ ಒಂದು ಚೀಲ ಬಿಸಿ ಮಂಡಕ್ಕಿ. ಡಿಸೆಂಬರಿನಲ್ಲಿ ಇದೇ ಮನುಷ್ಯ ಮಾರ್ಕೆಟ್ಟಿನ ನಡುವೆ ಕೊಟ್ಟೂರೇಶ್ ಅವರ ಕಾಲರ್ ಹಿಡಿದಿದ್ದರು. ಕೂಡ್ರಿ ಎಂದರೂ ಕೂರಲಿಲ್ಲ.

"ಮಾಫ್ ಮಾಡ್ರಿ ಸರ್," ಎಂದರು. "ಮಗನ ಮಾತು ಕೇಳಿ ನಿಮಗೆ ಬಜಾರದಾಗೆ ಬೈದೆ. ಅವನದೇ ಗಲತಿ ಅಂತ ಈಗ ಎಲ್ಲಾರೂ ಹೇಳ್ತಾರೆ. ನೀವೂ ನಿನ್ನೆ ಇಲ್ಲ ಅನ್ಲಿಲ್ಲಂತೆ. ರಾತ್ರಿ ಅವನಿಗೆ ಕೇಳಿದೆ. ಮುಟ್ಟಿಲ್ಲ ಅಬ್ಬಾ ಅಂತ ಮತ್ತೆ ಅದೇ ಮಾತು. ಹೊಡೆದೆ. ಬೆಳೆದ ಮಗ, ಕೈ ಎತ್ತಬಾರ್ದು. ಆದ್ರೂ ಹೊಡೆದೆ. ಅವರಮ್ಮ ಅಡ್ಡ ಬಂದ್ಲು, ಅವಳಿಗೂ ಬಿತ್ತು."

ಉಮಾಮಹೇಶ್ವರಿ ತಂದ ಚಹಾದ ಲೋಟವನ್ನು ಅವರು ಆಗ ಕೈಗೆ ತೆಗೆದುಕೊಂಡರು. ಕೊಟ್ಟೂರೇಶ್ ಮಗನ ಮೇಲೆ ಎದ್ದ ಆ ಕೈಯನ್ನೇ ನೋಡುತ್ತ ನಿಂತರು.

"ಬಡೇಸಾಬ್, ನಿಮ್ಮ ಮಗ ಸುಳ್ಳು ಹೇಳಿಲ್ಲ," ಎಂದರು. "ನಾನು ನೋಡಿರಲಿಲ್ಲ. ಬಿಸ್ಲು ಕಣ್ಣಿಗೆ ಹೊಡೀತಿತ್ತು. ಅವನು ಬಿದ್ದ, ಜನ ಕೂಗಿದ್ರು, ಊದಿಬಿಟ್ಟೆ. ಆಮೇಲೆ ನೋಡಿದೆ ಅಂತ ಬರೆದೆ."

ಬಡೇಸಾಬ್ ಚಹಾದ ಲೋಟವನ್ನು ಕುಡಿಯದೆ ಕಿಟಕಿಯ ಕಟ್ಟೆಯ ಮೇಲಿಟ್ಟರು. ತಂದಿದ್ದ ಮಂಡಕ್ಕಿ ಚೀಲವನ್ನು ಮತ್ತೆ ಕೈಗೆ ತೆಗೆದುಕೊಂಡರು.

"ರಾತ್ರಿ ಮಗನ್ನ ಹೊಡೆದೆ ಅಂದ್ನಲ್ಲ," ಎಂದರು. "ಕಿವಿಯಾಗೆ ರಕ್ತ ಬಂತು. ಹೇಳ್ಲಿಲ್ಲ ನಿಮಗೆ, ನಾಚಿಕೆ ಆತು. ಇದನ್ನ ನೀವು ನಿನ್ನೆ ಸಂಜೀಗೆ ಹೇಳಿದ್ರೆ ಆ ರಕ್ತ ಬರ್ತಿರಲಿಲ್ಲ."

"ತಪ್ಪಾತು."

"ನನ್ನ ಮುಂದೆ ತಪ್ಪಾತು ಅಂದ್ರೆ ಏನು ಬಂತು? ಮನಿ ಬಾಗ್ಲು ಹಾಕ್ಕಂಡು ನನ್ನ ಕಿವಿಯಾಗೆ ಹೇಳಾಕೆ ನಾನೇನು ರೆಫರಿ ಅಲ್ಲ. ಎಲ್ಲಿ ಊದಿದ್ರೋ ಅಲ್ಲಿ ಹೋಗಿ ಹೇಳ್ರಿ. ಹೇಳ್ದಿದ್ರೆ ನಾನೇ ಹೇಳ್ತೀನಿ, ಆದ್ರೆ ನನ್ನ ಮಾತು ಯಾರು ನಂಬ್ತಾರೆ." ಚೀಲ ಹಿಡಿದು ಮೆಟ್ಟಿಲಿಳಿದು ಹೋದರು.

ಉಮಾಮಹೇಶ್ವರಿ ಅಡುಗೆಮನೆ ಬಾಗಿಲಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಆರು ತಿಂಗ್ಳಿಂದ ನಲ್ಲಿ ಹತ್ರ ಹೋದ್ರೆ ಹರಿಹರದೋಳು ಬಂದ್ಲು ಅಂತಾರೆ," ಎಂದಳು. "ನನ್ನ ಗಂಡ ಅಂಥೋನಲ್ಲ ಅಂತ ಒಬ್ಬೊಬ್ಬರ ಕೂಡೆ ಜಗಳಾಡಿದೀನಿ. ನನಗಾದ್ರೂ ಹೇಳಿದ್ರೆ ಜಗಳಾನಾದ್ರೂ ಉಳೀತಿತ್ತು."

"ಬೇಕಂತ ಮಾಡಿದ್ದಲ್ಲ ಅದು."

"ಊದಿದ್ದು ಬೇಕಂತ ಅಲ್ಲ. ಬರೆದಿದ್ದು?"

ಆ ದಿನ ಅವಳು ಊಟಕ್ಕೆ ಕರೆಯಲಿಲ್ಲ, ಬಡಿಸಿಟ್ಟು ಒಳಗೆ ಹೋದಳು.

ಸೋಮವಾರದಿಂದ ಬುಧವಾರದವರೆಗೆ ಅವರು ಒಂದು ಪತ್ರವನ್ನು ಬರೆದು ಹರಿದು, ಬರೆದು ಹರಿದು ಮಾಡಿದರು. ಉದ್ದ ಬರೆದದ್ದೆಲ್ಲ ತಮ್ಮನ್ನೇ ಕಾಪಾಡಿಕೊಂಡಂತೆ ಕಾಣುತ್ತಿತ್ತು. ಕೊನೆಗೆ ಉಳಿದದ್ದು ಐದು ಸಾಲು. ಗುರುವಾರ ಅರ್ಧ ದಿನ ರಜೆ ಹಾಕಿ ಹರಿಹರದ ಬಸ್ಸು ಹತ್ತಿದರು.

ಟೂರ್ನಮೆಂಟ್ ಕಮಿಟಿಯ ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ಉಮಾಮಹೇಶ್ವರಿಯ ಅಣ್ಣ ಬಸವಪ್ರಭು. ದೇವಸ್ಥಾನದ ಬೀದಿಯಲ್ಲಿ ಅಕ್ಕಿ ಅಂಗಡಿ. ಗೆದ್ದ ಕಪ್ಪನ್ನು ಗಲ್ಲಾದ ಹಿಂದಿನ ಗಾಜಿನ ಕಪಾಟಿನಲ್ಲಿ, ಕುಂಕುಮ ಹಚ್ಚಿ ಇಟ್ಟಿದ್ದ. ಭಾವನನ್ನು ನೋಡಿ ಎದ್ದು ಬಂದು ಕೈ ಹಿಡಿದು ಕೂರಿಸಿದ. ಪತ್ರ ಓದುತ್ತ ಓದುತ್ತ ಮುಖದ ಕಳೆ ಬದಲಾಯಿತು.

"ಇದನ್ನ ಇಲ್ಲೇ ಹರಿದು ಹಾಕ್ರಿ ಭಾವ."

"ಹರಿಯೋಕೆ ತಂದಿಲ್ಲ."

"ತಲಿ ಕೆಟ್ಟೈತೇನ್ರಿ? ದಾವಣಗೆರಿಯೋರು ನಾಳೆನೇ ಬಂದು ಕಪ್ ವಾಪಸ್ ಕೊಡ್ರಿ ಅಂತಾರೆ. ನಮ್ಮ ಹುಡುಗರು ಕಳ್ಳರು ಅನ್ನಿಸ್ಕಂತಾರೆ. ಆ ಒಂಬತ್ತನೇ ನಂಬರ್ ಹುಡುಗನ್ನ ಕಾರ್ಖಾನೆ ಟೀಮಿಗೆ ತಗಂಡಾರೆ, ಆ ಗೋಲಿನಿಂದಲೇ. ಒಂದು ಹುಡುಗನ ದಾರಿ ಮಾಡಾಕೆ ಹೋಗಿ ಇನ್ನೊಂದು ಹುಡುಗನ ದಾರಿಗೆ ಮಣ್ಣು ಹಾಕ್ತೀರಿ."

"ಗೋಲು ಗೋಲೇ. ಕಪ್ ನಿಮ್ಮದೇ. ಊದಿದ್ದನ್ನ ನಿಯಮ ಹಿಂದೆ ತಗಳಲ್ಲ," ಎಂದರು ಕೊಟ್ಟೂರೇಶ್. "ರಿಪೋರ್ಟ್ ಮಾತ್ರ ಸುಳ್ಳು. ಆ ರಿಪೋರ್ಟಿನ ಮ್ಯಾಲೆ ಕೊಟ್ಟ ಶಿಕ್ಷೆ ಸುಳ್ಳು."

"ಅವನು ನಿಮ್ಮನ್ನ ತಳ್ಳಿದ್ದು ಸುಳ್ಳಾ?"

"ತಳ್ಳಿದ್ದು ಖರೇ. ನಾನು ಅವನ ಜಾಗದಾಗೆ ಇದ್ದಿದ್ರೆ ತಳ್ಳಿ ಸುಮ್ನಾಗ್ತಿರಲಿಲ್ಲ."

ಬಸವಪ್ರಭು ಪತ್ರವನ್ನು ಗಲ್ಲಾದ ಮೇಲೆ ಎಸೆದ. ಅಂಗಡಿಯ ಗಿರಾಕಿಗಳು ಕೇಳುತ್ತಿದ್ದಾರೆಂದು ದನಿ ತಗ್ಗಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದ. "ದಾವಣಗೆರಿಯಾಗೆ ನಿಮ್ಮನ್ನ ಬೈದ್ರು, ನಾವು ನಿಮ್ಮ ಬೆನ್ನಿಗೆ ನಿಂತ್ವಿ. ಈಗ ನಮ್ಮ ಮುಖಕ್ಕೆ ಮಸಿ ಬಳಿಯೋಕೆ ಬಂದೀರಿ. ಇದನ್ನ ನಾನು ಕಮಿಟಿಗೆ ಇಡ್ತೀನಿ, ಇಡಲ್ಲ ಅನ್ನಲ್ಲ. ಆದ್ರೆ ನಮ್ಮ ಹೊಸ್ತಿಲು ಮತ್ತೆ ತುಳೀಬ್ಯಾಡ್ರಿ. ತಂಗಿ ಬಂದ್ರೆ ಬರ್ಲಿ. ನೀವು ಬ್ಯಾಡ."

ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಸುದ್ದಿ ಅವರಿಗಿಂತ ಮೊದಲೇ ಬಂದು ನಿಂತಿತ್ತು. ಬೀಡಾ ಅಂಗಡಿಯ ಮುಂದೆ ನಿಂತಿದ್ದ ನಾಲ್ಕೈದು ಹುಡುಗರು ಬಸ್ಸು ಹೊರಡುವವರೆಗೂ ಕಿಟಕಿಯ ಪಕ್ಕ ನಿಂತು ಬೈದರು. ಆರು ತಿಂಗಳ ಹಿಂದೆ ಅದೇ ಹುಡುಗರು ಅವರ ಜೀಪಿನ ಸುತ್ತ ಕುಣಿದವರು. ಕಂಡಕ್ಟರ್ ಕಿಟಕಿ ಹಾಕಿಕೊಳ್ಳಿ ಸರ್ ಎಂದ. ಅವರು ಹಾಕಲಿಲ್ಲ.

ಇನ್ನೊಂದು ಪ್ರತಿಯನ್ನು ಜಿಲ್ಲಾ ಸಂಸ್ಥೆಗೆ ಕೊಟ್ಟು, ಶನಿವಾರ ಸಂಜೆ ಮೈಲಾರಲಿಂಗಪ್ಪನ ಅಂಗಡಿಗೆ ಹೋದರು. ಅರ್ಜೆಂಟೀನಾ, ಹಾಲೆಂಡ್ ಆಟ ಶುರುವಾಗುವುದರಲ್ಲಿತ್ತು. ಕುರ್ಚಿ ಖಾಲಿ ಮಾಡಿದ ಮೈಲಾರಲಿಂಗಪ್ಪನಿಗೆ, ನೀನೇ ಕೂತ್ಕ ಎಂದು, ಟಿವಿಯ ಮುಂದೆ ಅಡ್ಡ ನಿಂತು ಡಿಸೆಂಬರಿನಲ್ಲಿ ನಡೆದದ್ದನ್ನು ಎಲ್ಲರಿಗೂ ಹೇಳಿದರು. ಹೇಳಿ ಮುಗಿಸಲು ಎರಡು ನಿಮಿಷ ಹಿಡಿಯಲಿಲ್ಲ.

ಗುತ್ತೆಪ್ಪನ ಕುತ್ತಿಗೆ ಕೆಂಪೇರಿತು. ಅವನ ಸಿಟ್ಟು ಎಲ್ಲಿಗೆ ಹೋಗಬೇಕೆಂದು ಒಂದು ಗಳಿಗೆ ಅವನಿಗೇ ತಿಳಿಯಲಿಲ್ಲ.

"ಹಂಗಾರೆ ಹೋದ ವಾರ ಇದೇ ಕುರ್ಚಿ ಮ್ಯಾಲೆ ಕೂತು ನಮ್ಮ ಮಿರ್ಚಿ ತಿಂತಾ ಇದ್ರಲ್ಲ, ಆಗ ಬಾಯಿಗೆ ಏನಾಗಿತ್ತು?" ಎಂದ. "ನಾನು ಆ ಹುಡುಗನ್ನ ಕಟ್ಟಿಯಿಂದ ಕೆಳಗೆ ದೂಡಿದ್ನಲ್ರಿ. ನೀವು ನೋಡ್ತಾ ಕೂತಿದ್ರಿ."

"ಕೂತಿದ್ದೆ."

"ನನ್ನ ಕೈಯಿಂದ ನೀನೇ ದೂಡಿದಂಗಾತು." ಏಕವಚನಕ್ಕೆ ಇಳಿದದ್ದು ಗುತ್ತೆಪ್ಪನಿಗೆ ತಿಳಿಯಲೂ ಇಲ್ಲ.

"ಬ್ರೆಜಿಲ್ ಪೆನಾಲ್ಟಿನೂ ಸುಳ್ಳೇನು ಹಂಗಾದ್ರೆ?" ಎಂದು ಹಿಂದಿನಿಂದ ಒಬ್ಬ ಕೇಳಿದ.

"ಅದು ಖರೇ. ಅದನ್ನ ಅವನು ನೋಡಿದ್ದ," ಎಂದರು ಕೊಟ್ಟೂರೇಶ್.

ಶಮೀಮ್ ಎದ್ದು ಬಂದು ಅವರ ತೋಳು ಹಿಡಿದು ಬಾಗಿಲವರೆಗೆ ನಡೆಸಿದ. ನೂಕಲಿಲ್ಲ, ಆದರೆ ಹಿಡಿತ ಬಿಗಿಯಾಗಿತ್ತು. ಕಟ್ಟೆಯ ಮೇಲೆ ನಿಲ್ಲಿಸಿ, "ಹೋಗ್ರಿ. ಇಲ್ಲಿ ಇನ್ನೊಂದು ನಿಮಿಷ ನಿಂತ್ರೆ ಯಾರ್ದಾದ್ರೂ ಕೈ ಮೀರ್ತೈತೆ. ನಂದೇ ಮೀರಬಹುದು," ಎಂದ.

ಜುಲೈ ಮಧ್ಯದಲ್ಲಿ, ವಿಶ್ವಕಪ್ ಮುಗಿದ ವಾರದಲ್ಲಿ, ಜಿಲ್ಲಾ ಸಂಸ್ಥೆ ಸಭೆ ಸೇರಿತು. ಅಂಗಿ ಎಳೆದ ಆರೋಪವನ್ನು ತೆಗೆದುಹಾಕಿತು. ತಳ್ಳಿದ್ದಕ್ಕೆ ಇಜಾಜ್ ಈವರೆಗೆ ಹೊರಗಿದ್ದದ್ದೇ ಸಾಕೆಂದಿತು. ಕೊಟ್ಟೂರೇಶ್ ಅವರ ಬ್ಯಾಡ್ಜು ವಾಪಸ್ ಪಡೆಯಿತು. ರಾಜ್ಯದ ಕಿರಿಯರ ಕ್ಯಾಂಪಿಗೆ ಮಾತ್ರ ಇಜಾಜ್‌ನ ವಯಸ್ಸು ಮೀರಿತ್ತು. ಅದನ್ನು ಯಾವ ಸಭೆಯೂ ತಿದ್ದುವಂತಿರಲಿಲ್ಲ.

ಆದೇಶದ ಪ್ರತಿಯನ್ನು ಹಿಡಿದು ಕೊಟ್ಟೂರೇಶ್ ಬೆಳಿಗ್ಗೆ ಮೈದಾನಕ್ಕೆ ಹೋದರು. ಇಜಾಜ್ ಒಬ್ಬನೇ ಗೋಡೆಗೆ ಚೆಂಡು ಒದೆಯುತ್ತಿದ್ದ. ಎಡಗಿವಿಗೆ ಹತ್ತಿ ಇತ್ತು. ಕಾಗದವನ್ನು ಓದಿ, ನಾಲ್ಕಾಗಿ ಮಡಚಿ ಕಾಲುಚೀಲದೊಳಗೆ ಸಿಕ್ಕಿಸಿಕೊಂಡ.

"ಬೆಂಗಳೂರಿನ ಕ್ಲಬ್ಬಿನಾಗೆ ನನಗೆ ಗೊತ್ತಿರೋರು ಅದಾರೆ," ಎಂದರು ಕೊಟ್ಟೂರೇಶ್. "ಒಂದು ಪತ್ರ ಬರೆದು ಕೊಡ್ತೀನಿ."

"ಬ್ಯಾಡ್ರಿ ಸರ್. ನೀವು ಇನ್ನೇನೂ ಬರೀಬ್ಯಾಡ್ರಿ."

"ತಪ್ಪಾತು ಇಜಾಜ್."

"ಆತು. ಅದು ಎಲ್ಲಾರಿಗೂ ಗೊತ್ತಾತು." ಅವನು ಚೆಂಡನ್ನು ಕಾಲಡಿ ನಿಲ್ಲಿಸಿದ. "ಗುತ್ತೆಪ್ಪಣ್ಣ ಮನೀಗೆ ಬಂದು ಅತ್ತ. ಅಬ್ಬಾ ದಿನಾ ನನ್ನ ತಟ್ಟೆಗೆ ತಮ್ಮ ಪಾಲಿಂದು ಹಾಕ್ತಾರೆ. ಶಮೀಮ್ ಭಾಯ್ ಹೊಸ ಅಂಗಿ ಹೊಲ್ಕೊಟ್ಟ. ಎಲ್ಲಾರಿಗೂ ಮಾಫಿ ಬೇಕು. ಯಾರಿಗಂತ ಕೊಡ್ಲಿ ಸರ್? ಒಂದು ಕಿವಿ ಸರಿಯಾಗಿ ಕೇಳ್ತಿಲ್ಲ. ಮೈದಾನದಾಗೆ ಹಿಂದಿನೋನು ಕೂಗಿದ್ರೆ ಯಾವ ಕಡೆಯಿಂದ ಅಂತ ಗೊತ್ತಾಗಲ್ಲ." ಚೆಂಡನ್ನು ಕೈಗೆತ್ತಿಕೊಂಡು ಹೇಳಿದ, "ಆಗಸ್ಟ್‌ನಾಗೆ ಹರಿಹರದ ಕೂಡೆ ಮ್ಯಾಚ್ ಐತೆ. ಅವತ್ತು ನೀವು ಬರಬ್ಯಾಡ್ರಿ. ನಿಮ್ಮನ್ನ ನೋಡಿದ್ರೆ ನನಗೆ ಆಟ ಬರಲ್ಲ."

ಅವರು ಹೋಗಲಿಲ್ಲ. ಆಟದ ದಿನ ಮನೆಯಲ್ಲೇ ಇದ್ದು ಹಿತ್ತಲ ತೊಟ್ಟಿ ತೊಳೆದರು. ಉಮಾಮಹೇಶ್ವರಿ ತವರಿಗೆ ಹೋಗಿದ್ದವಳು ಎರಡು ದಿನ ಬಿಟ್ಟು ಬಂದಳು. ಚೀಲ ಇಳಿಸಿ, ಕಾಲು ತೊಳೆದುಕೊಂಡು, ಅಣ್ಣನ ಮನೆಯ ಯಾವ ಸುದ್ದಿಯನ್ನೂ ಹೇಳದೆ, ಆಟ ಸಮ ಆಯಿತಂತೆ, ಒಂದೂ ಗೋಲಿಲ್ಲ ಎಂದಳು. ಆ ಹುಡುಗ ಚೆನ್ನಾಗಿ ಆಡಿದನಂತೆ, ಒಂದು ಹಳದಿ ಚೀಟಿಯೂ ಸಿಕ್ಕಿತಂತೆ, ಈ ಸಲ ಕಾಲು ಅಡ್ಡ ಹಾಕಿದ್ದು ಖರೆಯೇ ಅಂತೆ, ಅವನೂ ಜಗಳಾಡಲಿಲ್ಲವಂತೆ ಎಂದಳು.

ರೆಫರಿ ಯಾರಿದ್ದರು ಎಂದು ಕೇಳಬೇಕೆನ್ನಿಸಿತು ಕೊಟ್ಟೂರೇಶ್ ಅವರಿಗೆ. ಕೇಳದೆ, ಅವಳು ತಂದ ಚೀಲವನ್ನು ಒಳಗೆ ಎತ್ತಿಟ್ಟರು.